ಠಾಂಗಿಯ ಪೊದೆ

ಹಿಮಾಲಯದ ಒಂದು ಕಣಿವೆಯಲ್ಲಿ, ನದಿಯ ಪಕ್ಕ, ಸಂಗಯ್ಯ ಗುರುಗಳ ಆಶ್ರಮವಿತ್ತು. ಗುರುಗಳು ಕನ್ನಡ ಸೀಮೆಯಿಂದ ಚಿಕ್ಕ ವಯಸ್ಸಿನಲ್ಲೇ ಅಲ್ಲಿಗೆ ಬಂದವರು. ಅವರನ್ನು ಹುಡುಕಿಕೊಂಡು ಹೋಗಿ ಶಿಷ್ಯನಾದ ಚನ್ನಮಲ್ಲನೂ ಅದೇ ಸೀಮೆಯವನು.

ಆಶ್ರಮದ ಹಿಂದೆ ದೇವದಾರು ಮರಗಳ ಇಳಿಜಾರು. ಮರಗಳ ಅರೆನೆರಳಲ್ಲಿ, ತೊರೆಯ ತೇವ ಹಿಡಿದು, ಆಳೆತ್ತರದ ಪೊದೆಗಳು ಒತ್ತೊತ್ತಾಗಿ ಬೆಳೆದಿದ್ದವು. ಅಲ್ಲಿಯವರು ಅದನ್ನು ಠಾಂಗಿ ಎನ್ನುತ್ತಾರೆ. ಗಟ್ಟಿ ಚಿಪ್ಪಿನ ಕಾಯಿ, ಒಳಗೆ ಬಾದಾಮಿಯಂಥ ತಿರುಳು. ಯಾರೂ ನೆಟ್ಟದ್ದಲ್ಲ. ಕರಡಿಯೂ ತಿನ್ನುತ್ತಿತ್ತು, ಹಕ್ಕಿಗಳೂ ತಿನ್ನುತ್ತಿದ್ದವು, ಊರಿನವರೂ ತಿನ್ನುತ್ತಿದ್ದರು.

ಹಿಮ ಬೀಳುವ ಮುಂಚೆ ಊರಿನ ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದರು. ದಿನವಿಡೀ ಹಾಡು, ನಗು, ಒಬ್ಬರನ್ನೊಬ್ಬರು ಕೂಗಿ ಕರೆಯುವುದು. ಚನ್ನಮಲ್ಲ ಧ್ಯಾನಕ್ಕೆ ಕೂರುತ್ತಿದ್ದದ್ದು ಅದೇ ಇಳಿಜಾರಿನಲ್ಲಿ.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಎದ್ದು ಹೋದವನೇ ಎದುರಿಗೆ ಸಿಕ್ಕವಳ ತುಂಬಿದ ಬುಟ್ಟಿಯನ್ನು ಕಿತ್ತುಕೊಂಡು ಬೋರಲು ಹಾಕಿದ. ಕಾಯಿಗಳು ಇಳಿಜಾರಿನಲ್ಲಿ ಉರುಳಿಕೊಂಡು ನದಿಗೆ ಬಿದ್ದವು.

ಆಕೆ ರಾಮದೇಯಿ. ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಸಂಜೆ ಚನ್ನಮಲ್ಲ ಗುರುಗಳ ಮುಂದೆ ನಿಂತ. ನಡೆದದ್ದನ್ನು ಹೇಳಿದ.

“ಇಲ್ಲಿ ನನ್ನ ಸಾಧನೆ ಸಾಗುವುದಿಲ್ಲ ಗುರುಗಳೇ. ದಿಬ್ಬದಾಚೆ ಒಬ್ಬನೇ ಇರುತ್ತೇನೆ. ಅಪ್ಪಣೆ ಕೊಡಿ.”

ಗುರುಗಳು ತಲೆಯಾಡಿಸಿದರು.

“ಹೋಗು. ಬೇಕಾದದ್ದನ್ನು ತೆಗೆದುಕೊಂಡು ಹೋಗು.”

ಅವನು ಒಂದು ಕಂಬಳಿ, ಒಂದು ಕಮಂಡಲು ತೆಗೆದುಕೊಂಡ. ಕಾಯಿಗಾಗಿ ಈ ಕಡೆ ಮತ್ತೆ ಬರುವ ಗೊಡವೆಯೇ ಬೇಡವೆಂದು ಠಾಂಗಿಯ ಒಂದು ಸಸಿಯನ್ನೂ ಬೇರು ಸಮೇತ ಅಗೆದುಕೊಂಡ.

ದಿಬ್ಬದಾಚೆ ಮರವಿಲ್ಲ, ಮನುಷ್ಯರಿಲ್ಲ. ಕಲ್ಲು ಒಟ್ಟಿ ಗುಡಿಸಲು ಕಟ್ಟಿದ. ಬಾಗಿಲ ಮುಂದೆ ಸಸಿ ನೆಟ್ಟ. ಗಾಳಿಯ ಸದ್ದು ಕೂಡ ಒಳಗೆ ಬರಬಾರದೆಂದು ಸುತ್ತಲೂ ಎದೆಮಟ್ಟದ ಗೋಡೆ ಎಬ್ಬಿಸಿದ, ಅದು ಸಾಲದೆ ತಲೆಮಟ್ಟಕ್ಕೆ ಏರಿಸಿದ.

ಗಿಡ ಚೆನ್ನಾಗಿಯೇ ಬೆಳೆಯಿತು. ಅವನು ದೂರದಿಂದ ನೀರು ಹೊತ್ತು ತಂದು ಹಾಕುತ್ತಿದ್ದ. ಐದನೆಯ ವರ್ಷ ನಾಲ್ಕೈದು ಕಾಯಿ ಬಿಟ್ಟಿತು. ಒಡೆದು ನೋಡಿದ. ಒಳಗೆ ಏನೂ ಇರಲಿಲ್ಲ. ಆರನೆಯ ವರ್ಷವೂ ಹಾಗೆಯೇ.

ಅವನಿಗೆ ಯಾಕೋ ಹೆದರಿಕೆಯಾಯಿತು. ಗೋಡೆಯೊಳಗೆ ಬೇಕಾದಷ್ಟು ಮೌನವಿತ್ತು. ಆದರೆ ಕಣ್ಣು ಮುಚ್ಚಿದರೆ ಉರುಳುವ ಕಾಯಿಗಳ ಸದ್ದು ಕೇಳುತ್ತಿತ್ತು.

ಜೊಳ್ಳು ಕಾಯಿಗಳನ್ನು ಕಂಬಳಿಯ ತುದಿಯಲ್ಲಿ ಕಟ್ಟಿಕೊಂಡು ಗುರುಗಳ ಹತ್ತಿರ ಬಂದ.

“ನಾನು ಏನು ತಪ್ಪು ಮಾಡಿದೆ ಗುರುಗಳೇ? ನೀರು ಹಾಕಿದೆ, ಗೊಬ್ಬರ ಹಾಕಿದೆ.”

ಗುರುಗಳು ಒಂದು ಕಾಯಿ ಒಡೆದರು. ಖಾಲಿ ಚಿಪ್ಪನ್ನು ತುಟಿಗಿಟ್ಟು ಊದಿದರು. ಸಣ್ಣಗೆ ಸಿಳ್ಳೆ ಬಂತು.

“ನನಗೆ ಗಿಡಗಳ ವಿಷಯ ತಿಳಿಯದಪ್ಪ. ತಿಳಿದವರನ್ನು ಕೇಳು.”

“ಯಾರಿಗೆ ತಿಳಿದಿದೆ?”

“ಯಾರ ಬುಟ್ಟಿ ಸುರಿದೆಯೋ ಅವಳಿಗೆ.”

ಊರು ಆಶ್ರಮದಿಂದ ಒಂದು ಹರದಾರಿ. ಆ ಹಾದಿಯಲ್ಲಿ ಅವನು ಎರಡು ಸಲ ಹಿಂದಿರುಗಿ, ಮತ್ತೆ ಮುಂದೆ ಹೋದ.

ರಾಮದೇಯಿ ಮನೆಯ ಮಾಳಿಗೆಯ ಮೇಲೆ ಧಾನ್ಯ ಒಣಹಾಕುತ್ತಿದ್ದಳು. ಅವನನ್ನು ನೋಡಿ ಗುರುತು ಹಿಡಿದಳು. ಕೆಳಗಿಳಿದು ಬಂದು ಕುಡಿಯಲು ಮಜ್ಜಿಗೆ ಕೊಟ್ಟಳು.

ಅವನು ಲೋಟ ಹಿಡಿದುಕೊಂಡೇ ನಿಂತ.

“ತಾಯಿ, ನನ್ನ ಗಿಡದ ಕಾಯಿಯಲ್ಲಿ ತಿರುಳು ಕೂರುತ್ತಿಲ್ಲ.”

“ಎಷ್ಟು ಗಿಡ ಇವೆ ಮಹಾರಾಜ್?” ಸಾಧುಗಳನ್ನು ಅಲ್ಲಿಯವರು ಕರೆಯುವುದು ಹಾಗೆ.

“ಒಂದೇ.”

ಆಕೆಗೆ ನಗು ಬಂತು.

“ಒಂದೇ ಗಿಡಕ್ಕೆ ಹೇಗೆ ಕೂರುತ್ತದೆ? ಠಾಂಗಿಗೆ ತನ್ನ ಹೂವಿನ ಹುಡಿ ತನಗೇ ಆಗುವುದಿಲ್ಲ. ಬೇರೆ ಗಿಡದ್ದು ಗಾಳಿಯಲ್ಲಿ ಹಾರಿ ಬರಬೇಕು. ಅದಕ್ಕೇ ಅವು ಕಾಡಿನಲ್ಲಿ ಗುಂಪು ಕಟ್ಟಿಕೊಂಡು ನಿಂತಿರುವುದು.”

ಚನ್ನಮಲ್ಲ ತಲೆ ತಗ್ಗಿಸಿದ. ಕೇಳಲು ಬಂದ ಮಾತು ಮುಗಿದಿತ್ತು. ಆದರೂ ಕಾಲು ಕದಲಲಿಲ್ಲ.

“ತಾಯಿ, ಆ ವರ್ಷ... ಬುಟ್ಟಿ ಖಾಲಿಯಾದಮೇಲೆ ಏನು ಮಾಡಿದಿರಿ?”

ರಾಮದೇಯಿಯ ನಗು ನಿಂತಿತು.

“ನಮ್ಮ ಅತ್ತೆಗೆ ಹಲ್ಲಿರಲಿಲ್ಲ. ಚಳಿಗಾಲವೆಲ್ಲ ಠಾಂಗಿ ಕುಟ್ಟಿ ಹಾಲಿನಲ್ಲಿ ಕಲಸಿ ಕೊಡುತ್ತಿದ್ದೆ. ಆ ರಾತ್ರಿ ನಿಮ್ಮನ್ನು ಚೆನ್ನಾಗಿ ಬೈದೆ. ಬೆಳಗಾದ ಮೇಲೆ ಅಕ್ಕಪಕ್ಕದವರು ಬಂದರು, ಮನೆಗೊಂದು ಹಿಡಿ ಕೊಟ್ಟು ಹೋದರು. ಅತ್ತೆ ಆ ಚಳಿಗಾಲ ದಾಟಿದಳು.”

ಅವನು ಅಲ್ಲೇ ಅಂಗಳದಲ್ಲಿ ಮಂಡಿಯೂರಿ ಆಕೆಯ ಪಾದ ಮುಟ್ಟಿದ. ಆಕೆ ಗಾಬರಿಯಿಂದ ಹಿಂದೆ ಸರಿದಳು.

“ಏಳಿ ಮಹಾರಾಜ್, ಯಾರಾದರೂ ನೋಡಿಯಾರು. ಹಿಮ ಕರಗಲು ಶುರುವಾದಾಗ ಬನ್ನಿ. ಆಗ ಅದು ಹೂ ಬಿಡುತ್ತದೆ.”

ಹಿಮ ಕರಗಲು ಶುರುವಾಯಿತು. ಎಲೆಯೇ ಇಲ್ಲದ ಪೊದೆಗಳಲ್ಲಿ ಹಳದಿ ಕುಚ್ಚುಗಳು ಜೋತುಬಿದ್ದವು. ರಾಮದೇಯಿ ಒಂದು ಕೊಂಬೆ ಕಡಿದು ಹೆಗಲ ಮೇಲಿಟ್ಟುಕೊಂಡು ಅವನ ಜೊತೆ ದಿಬ್ಬ ಹತ್ತಿದಳು.

ಗೋಡೆ ನೋಡಿ ಅವಳಿಗೆ ಆಶ್ಚರ್ಯವಾಯಿತು.

“ಗಾಳಿಗೂ ಬಾಗಿಲು ಹಾಕಿದ್ದೀರಲ್ಲ!”

ಅವನು ಗಾಳಿ ಬೀಸುವ ಕಡೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟ. ಮಧ್ಯಾಹ್ನದ ಹೊತ್ತಿಗೆ ಆ ಬದಿಯ ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂತು. ಬೆರಳುಗಳಲ್ಲಿ ರಕ್ತ ಬಂತು.

ರಾಮದೇಯಿ ಗಿಡದ ಬಳಿ ಕರೆದು ತೋರಿಸಿದಳು. ಮೊಗ್ಗಿನ ತುದಿಯಲ್ಲಿ ನೂಲಿನೆಳೆಯಷ್ಟು ಕೆಂಪು.

“ಕಾಯಿ ಕಟ್ಟುವ ಹೂವು ಇದೇ. ಇಷ್ಟು ದಿನ ನೋಡಿರಲಿಲ್ಲವೇ?”

“ಇಲ್ಲ ತಾಯಿ.”

ಆಕೆ ಕೊಂಬೆಯನ್ನು ಗಾಳಿಗೆ ಹಿಡಿದು ಝಾಡಿಸಿದಳು. ಹಳದಿ ಹುಡಿ ಹೊಗೆಯಂತೆ ಎದ್ದು ಗಿಡವನ್ನು ಮುಚ್ಚಿತು. ಅವನ ಗಡ್ಡಕ್ಕೂ ಮೆತ್ತಿತು.

ಆ ಕೊಂಬೆಯನ್ನು ಗಿಡಕ್ಕೇ ಕಟ್ಟಿ ಆಕೆ ಇಳಿದು ಹೋದಳು.

ಶರತ್ಕಾಲದಲ್ಲಿ ಚನ್ನಮಲ್ಲ ಆಶ್ರಮಕ್ಕೆ ಬಂದ. ಇಳಿಜಾರಿನಲ್ಲಿ ಹೆಂಗಸರು ಹಾಡುತ್ತಿದ್ದರು. ಅವನು ಸ್ವಲ್ಪ ಹೊತ್ತು ನಿಂತು ಕೇಳಿದ.

ಆಮೇಲೆ ಒಳಗೆ ಹೋಗಿ ಗುರುಗಳ ಅಂಗೈಯಲ್ಲಿ ಒಂದು ಕಾಯಿ ಇಟ್ಟ.

“ಬಿಟ್ಟದ್ದು ಇದೊಂದೇನಾ?”

“ಬುಟ್ಟಿಯ ತಳ ಮುಚ್ಚುವಷ್ಟು ಬಿಟ್ಟಿತ್ತು ಗುರುಗಳೇ. ಉಳಿದದ್ದೆಲ್ಲ ರಾಮದೇಯಿಯ ಬುಟ್ಟಿಗೆ ಹಾಕಿ ಬಂದೆ.”

ಗುರುಗಳು ಕಲ್ಲಿನಿಂದ ಮೆಲ್ಲಗೆ ಕುಟ್ಟಿದರು. ಚಿಪ್ಪು ಬಿರಿಯಿತು. ಒಳಗೆ ಬಿಳಿಯ ತಿರುಳು ತುಂಬಿಕೊಂಡಿತ್ತು.

“ಯಾರ ಗಿಡದ್ದಪ್ಪ ಇದು?”

ಚನ್ನಮಲ್ಲ ‘ನನ್ನದು’ ಎನ್ನಲು ಬಾಯಿ ತೆರೆದ. ಹೊರಗೆ ಹಾಡು ನಡೆದೇ ಇತ್ತು.

“ನನಗೆ ಗೊತ್ತಾಗುತ್ತಿಲ್ಲ ಗುರುಗಳೇ.”

ಗುರುಗಳು ತಿರುಳನ್ನು ಎರಡು ಹೋಳು ಮಾಡಿ, ಒಂದನ್ನು ಅವನ ಕೈಗಿಟ್ಟರು.

“ಹಾಗಾದರೆ ಇದರಲ್ಲಿ ಅರ್ಧ ನಿನಗೂ ಸೇರಬೇಕು.”