ತಡೆದ ಹದಿನಾಲ್ಕು ಕರೆಗಳು

ಹೊಳೆದಂಡೆಯ ಆ ಆಶ್ರಮಕ್ಕೆ ಫೋನು ಬಂದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅದನ್ನು ನಿರುಪಾದಿಯ ಕೈಗೆ ಕೊಟ್ಟದ್ದು ತಪ್ಪು.

ನಿರುಪಾದಿ ಕೆಟ್ಟವನಲ್ಲ. ಮೂವತ್ತೆರಡರ ಗಂಡಸು, ಮೈಗಳ್ಳನೂ ಅಲ್ಲ. ಆರು ವರ್ಷದಿಂದ ಅಡಿವೆಪ್ಪಜ್ಜಾರ ಶಿಷ್ಯ. ಕಸ ಹೊಡೆಯುತ್ತಿದ್ದ, ನೀರು ತರುತ್ತಿದ್ದ, ಹೇಳಿದ್ದು ಕೇಳುತ್ತಿದ್ದ. ಫೋನು ಬರುವತನಕ.

ಆ ಆಶ್ರಮದಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ಇರುವುದು ಒಂದು ಹರಿಗೋಲು, ಒಂದು ನಿಯಮ. ಉಣ್ಣುವ ಮುಂಚೆ ಒಬ್ಬರು ದಂಡೆಗೆ ಹೋಗಿ ಆಚೆ ದಂಡೆಯನ್ನು ನೋಡಬೇಕು. ಅಲ್ಲಿ ಯಾರಾದರೂ ನಿಂತಿದ್ದರೆ ಅವರನ್ನು ಹರಿಗೋಲಿನಲ್ಲಿ ಕರೆತರಬೇಕು. ಆಮೇಲೆ ಗಂಗಾಳದ ಮುಂದೆ ಕೂರಬೇಕು. ಸೇತುವೆ ಸುತ್ತಿ ಬರುವುದಾದರೆ ಮೂವತ್ತು ಕಿಲೋಮೀಟರು, ಬಸ್ಸು ಬೆಳಗ್ಗೆ ಒಂದೇ.

ನಲವತ್ತು ವರ್ಷ ಅಜ್ಜಾರು ತಾವೇ ನೋಡಿದರು, ತಾವೇ ಹುಟ್ಟು ಹಾಕಿದರು. ಮೂರು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗಿದ್ದವರ ಮುಖವೇ ಮಸುಕು, ಇನ್ನು ಆಚೆ ದಂಡೆಯ ಮಾತೆಲ್ಲಿ. ಹಾಗಾಗಿ ನೋಡುವ ಕೆಲಸ ನಿರುಪಾದಿಯ ಪಾಲಿಗೆ ಬಂತು.

ಅಷ್ಟರಲ್ಲಿ ಯಾರೋ ಭಕ್ತರು ಆಶ್ರಮಕ್ಕೊಂದು ಫೋನು ಕೊಟ್ಟರು. ನಂಬರು ಆಚೆ ಊರುಗಳಲ್ಲೆಲ್ಲ ಹಬ್ಬಿತು. ಬರುವವರು ದಂಡೆಗೆ ಬಂದು ಫೋನು ಹಚ್ಚುತ್ತಿದ್ದರು, ನಿರುಪಾದಿ ಹೋಗಿ ಕರೆತರುತ್ತಿದ್ದ. ಒಳ್ಳೆಯದೇ ಆಯಿತು.

ಆದರೆ ಅವನು ದಂಡೆಗೆ ಹೋಗಿ ನೋಡುವುದನ್ನು ಬಿಟ್ಟ. ಫೋನು ಬರಲಿಲ್ಲ ಅಂದಮೇಲೆ ಅಲ್ಲಿ ಯಾರಿರುತ್ತಾರೆ, ಬಿಸಿಲಲ್ಲಿ ಯಾಕೆ ನಡೆಯಬೇಕು ಅಂತ ಅವನ ಲೆಕ್ಕ.

ಊಟದ ಹೊತ್ತಿಗೆ ಅಜ್ಜಾರು ಕೇಳುತ್ತಿದ್ದರು. "ದಂಡಿಗೆ ಹೋಗಿ ನೋಡಿದ್ದೇನು?"

"ಹೂಂ ರೀ. ಯಾರೂ ಇಲ್ಲ."

ಎಂಟು ತಿಂಗಳು ಈ ಸುಳ್ಳು ನಡೆಯಿತು. ಎಂಟು ತಿಂಗಳೂ ನಿಜಕ್ಕೂ ಅಲ್ಲಿ ಯಾರೂ ಇರಲಿಲ್ಲ. ಅವನ ದುರದೃಷ್ಟ ಅದೇ.

ಒಂದು ಸೋಮವಾರ ಬೆಳಗ್ಗೆ ಫೋನು ಟಿಣ್ ಅಂದಿತು.

"ಅಪ್‌ಡೇಟ್ ಬಂದೈತ್ರಿ ಅಜ್ಜಾರ."

"ಕಸ ಹೊಡಿ."

"ಹೊಡೀತೀನ್ರಿ. ಇದೊಂದು ಹಚ್ಚಿಟ್ಟು ಹೊಡೀತೀನಿ."

ಹಚ್ಚಿಟ್ಟವನು ಹೋದನೇ? ಇಲ್ಲ. ಪರದೆಯ ಮೇಲೆ ಒಂದು ಗೆರೆ ಇಷ್ಟಿಷ್ಟೇ ಮುಂದೆ ಹೋಗುವುದನ್ನು ನೋಡುತ್ತ ಕಂಬಕ್ಕೊರಗಿ ಕೂತ. ತಾನು ನೋಡದಿದ್ದರೆ ಆ ಗೆರೆ ನಿಂತೇಬಿಡುತ್ತದೆ ಅನ್ನುವ ಹಾಗೆ. ಎರಡು ತಾಸು ಹಿಡಿಯಿತು.

ಕೊನೆಗೆ ಫೋನು ಎದ್ದು ಒಂದರ ಹಿಂದೊಂದು ಆರು ಪ್ರಶ್ನೆ ಕೇಳಿತು. ನಿರುಪಾದಿ ಒಂದನ್ನೂ ಓದಲಿಲ್ಲ. ಆರಕ್ಕೂ 'ಒಪ್ಪುತ್ತೇನೆ' ಒತ್ತಿದ. ನಾಲ್ಕನೆಯ ಪ್ರಶ್ನೆ ಹೀಗಿತ್ತು: ಹೆಸರು ಬರೆದಿಡದ ನಂಬರಿನಿಂದ ಕರೆ ಬಂದರೆ ಸದ್ದು ಮಾಡದೆ ತಡೆಯಲೇ?

"ಮುಗೀತೇನು?" ಅಂದರು ಅಜ್ಜಾರು.

"ಮುಗೀತ್ರಿ."

"ಏನು ಹೊಸದು ಬಂತು?"

"ಗಡಿಯಾರದ ಅಂಕಿ ದಪ್ಪ ಆಗ್ಯಾವ್ರಿ."

"ಮತ್ತ?"

"ಟಾರ್ಚ್ ಇದ್ದ ಜಾಗದಾಗ ಇಲ್ಲ. ಎಲ್ಲಿ ಹೋಗೈತೋ ಹುಡುಕಾಕತ್ತೀನಿ."

"ಮತ್ತ?"

"ಮೊದ್ಲು ಫೋನ್ ಬಂದ್ರ ಬಲಕ್ಕ ಸರಸ್ತಿದ್ದೆ. ಈಗ ಮ್ಯಾಲಕ್ಕ ಸರಸಬೇಕಂತ."

"ಅದು ಫೋನಿನ ಸುದ್ದಿ. ನಿನಗ ಏನು ಬಂತು?"

ನಿರುಪಾದಿ ಹಣೆ ಒತ್ತಿಕೊಂಡ. "ತಲಿನೋವು ಬಂತ್ರಿ."

"ಅದು ಮೊದ್ಲೂ ಇತ್ತು," ಅಂದು ಅಜ್ಜಾರು ತಾವೇ ತಡಕಾಡಿ ಕಸಬರಿಗೆ ಹಿಡಿದರು. ಅವನು ಓಡಿಬಂದು ಕಸಿದುಕೊಂಡ. ಅಷ್ಟು ನಾಚಿಕೆ ಅವನಲ್ಲಿನ್ನೂ ಇತ್ತು.

ಮಂಗಳವಾರ ಇನ್ನೊಂದು ತಲೆಬಿಸಿ. ಚಾರ್ಜು ನಿಲ್ಲುತ್ತಿಲ್ಲ. ಮುಂಜಾನೆ ತುಂಬಿಸಿದ್ದು ಮಧ್ಯಾಹ್ನಕ್ಕೆ ಖಾಲಿ, ಹಿಡಿದರೆ ಕೈ ಬಿಸಿ. ನಿರುಪಾದಿ ಬೆಳಕು ಕಡಿಮೆ ಮಾಡಿದ, ಅದನ್ನು ಬಂದ್ ಮಾಡಿದ, ಇದನ್ನು ಅಳಿಸಿದ, ಫೋನನ್ನು ಆಫ್ ಮಾಡಿ ಆನ್ ಮಾಡಿದ. ಆಮೇಲೆ ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿದ. ಇದಕ್ಕಿಂತ ಆ ಹೊತ್ತಲ್ಲಿ ಹರಿಗೋಲಿನ ತೂತಿಗೆ ಡಾಂಬರು ಹಚ್ಚಿದ್ದರೆ ಆಗುತ್ತಿತ್ತು.

ಆ ದಿನ ಊಟಕ್ಕೆ ಮುಂಚೆ ಅಜ್ಜಾರು ಹೇಳಿದರು. "ನಾಳೆ ಹುಸೇನಬಿ ಬರ್ತಾಳ. ನೆನಪೈತಿಲ್ಲೋ?"

"ಐತ್ರಿ."

ಹುಸೇನಬಿ ಆಚೆ ದಂಡೆಯ ಊರಿನವಳು. ಕೌದಿ ಹೊಲಿಯುವುದು ಅವಳ ಕಸುಬು. ಹಳೆ ಸೀರೆ ಕೊಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಹರಿಯದ ಕೌದಿ ಹೊಲಿದು ಕೊಡುತ್ತಿದ್ದಳು. ಒಂದು ವರ್ಷದಿಂದ ಅವಳಿಗೂ ಕಣ್ಣಿಗೆ ಪೊರೆ. ಹೋದ ವಾರ ಬಂದಾಗ ಅಜ್ಜಾರ ಮುಂದೆ ಕೂತು ಅತ್ತಿದ್ದಳು. ದಾರ ಪೋಣಿಸಲು ಹೋಗಿ ಸೂಜಿಯನ್ನು ಬೆರಳಿಗೆ ಚುಚ್ಚಿಕೊಳ್ಳುತ್ತೇನೆ, ಇನ್ನೊಂದು ವರ್ಷಕ್ಕೆ ನನ್ನ ಕೈಗೆ ಕೆಲಸವೇ ಇರುವುದಿಲ್ಲ ಅಂದಿದ್ದಳು.

ಬುಧವಾರ ತಾಲೂಕಿನಲ್ಲಿ ಕಣ್ಣಿನ ಶಿಬಿರ. ವರ್ಷಕ್ಕೊಮ್ಮೆ ನಡೆಯುವುದು. ಹನ್ನೊಂದಕ್ಕೆ ಶಿಬಿರದ ಗಾಡಿ ಆಶ್ರಮದ ಬಾಗಿಲಿಗೇ ಬರುತ್ತದೆ. ಪಟ್ಟಿಯಲ್ಲಿ ಇಲ್ಲಿಂದ ಎರಡು ಹೆಸರು, ಅಜ್ಜಾರದು ಮತ್ತು ಹುಸೇನಬಿಯದು. ಮೊದಲು ತಮ್ಮ ಹೆಸರೊಂದನ್ನೇ ಬರೆಸಿ ಬಂದ ಅಂತ ಅಜ್ಜಾರು ನಿರುಪಾದಿಗೆ ಬೈದಿದ್ದರು. ಅವಳದನ್ನು ಅವರೇ ಹೇಳಿ ಸೇರಿಸಿದ್ದರು.

ಬುಧವಾರ ಬೆಳಗ್ಗೆ ಒಂಬತ್ತರಿಂದಲೇ ಅಜ್ಜಾರು ಕೇಳತೊಡಗಿದರು. "ಬಂದಳೇನು?"

"ಫೋನ್ ಬಂದಿಲ್ರಿ."

ಒಂಬತ್ತೂವರೆಗೆ ಮತ್ತೆ. "ಬಂದಳೇನು?"

"ಫೋನ್ ಬಂದ್ರ ಹೇಳ್ತೀನ್ರಿ ಅಜ್ಜಾರ. ಕೈಯಾಗ ಐತಿ."

ಕೈಯಲ್ಲೇ ಇತ್ತು. ಟಾರ್ಚನ್ನು ಹುಡುಕುತ್ತಿದ್ದ.

ಹತ್ತಕ್ಕೆ ಅಂಬಲಿಯ ಗಂಗಾಳ ಬಂತು. ಅಜ್ಜಾರು ಕೈ ಹಾಕಲಿಲ್ಲ.

"ದಂಡಿಗೆ ಹೋಗಿ ನೋಡಿದ್ದೇನು?"

"ಹೂಂ ರೀ. ಯಾರೂ ಇಲ್ಲ."

ಅಜ್ಜಾರು ಉಂಡರು.

ಹನ್ನೊಂದಕ್ಕೆ ಗಾಡಿ ಬಂತು. ಒಳಗೆ ಆಗಲೇ ಏಳೆಂಟು ಮುದುಕರು ಕೂತಿದ್ದರು. ಪಟ್ಟಿ ಹಿಡಿದ ನರ್ಸಮ್ಮ ಇಳಿದು ಎರಡೂ ಹೆಸರು ಓದಿದಳು. ಅಜ್ಜಾರು ಕೈಕೋಲು ಹಿಡಿದು ಎದ್ದರು.

"ಇನ್ನೊಬ್ರು?"

"ಬಂದಿಲ್ರಿ," ಅಂದ ನಿರುಪಾದಿ.

"ಅರ್ಧ ತಾಸು ನಿಂದರ್ತೀವಿ. ಮುಂದ ಇನ್ನೂ ಮೂರು ಊರು ಅದಾವ. ಡಾಕ್ಟರು ಮಧ್ಯಾಹ್ನಕ್ಕ ಎದ್ದು ಹೋಗ್ತಾರ."

ಅಜ್ಜಾರು ಹೇಳಿದರು. "ಅಕಿಗೆ ಫೋನ್ ಹಚ್ಚು. ಹೊಂಟಾಳೋ ಇಲ್ಲೋ ಕೇಳು."

ನಿರುಪಾದಿ ಅವಳ ನಂಬರು ಹುಡುಕಿದ. ಅವಳದು ಹೊಸ ಫೋನು, ಹೊಸ ನಂಬರು. ಮೊಮ್ಮಗ ಕೊಡಿಸಿದ್ದು ಅಂತ ಹೋದ ವಾರ ಹೇಳಿದ್ದಳು, ಇವನು ಬರೆದಿಟ್ಟುಕೊಂಡಿರಲಿಲ್ಲ. ಬಂದ ಕರೆಗಳಲ್ಲೇನಾದರೂ ಇದೆಯೇ ಅಂತ ಕೆಳಗೆ ಕೆಳಗೆ ಸರಿಸುತ್ತ ಹೋದ. ಅಲ್ಲೊಂದು ಹೊಸ ಪಟ್ಟಿ ಕಾಣಿಸಿತು. ತಡೆದ ಕರೆಗಳು, ಹದಿನಾಲ್ಕು. ಹದಿನಾಲ್ಕೂ ಒಂದೇ ನಂಬರಿನದು. ಮೊದಲನೆಯದು ಒಂಬತ್ತು ಗಂಟೆ ಐದು ನಿಮಿಷಕ್ಕೆ.

"ಅಯ್ಯೋ," ಅಂದ ನಿರುಪಾದಿ.

"ಏನಾತು?" ಅಂದರು ಅಜ್ಜಾರು.

ಅವನು ಇದ್ದದ್ದು ಹೇಳಿದ. ಅಷ್ಟಾದರೂ ಮಾಡಿದ. ಕರೆಗಳು ಬಂದಿವೆ, ಫೋನು ತಡೆದಿದೆ ಅಂದ.

"ದಂಡಿಗೆ ಯಾರೂ ಇಲ್ಲ ಅಂದಿದ್ದಿ."

ನಿರುಪಾದಿ ಪರದೆಯನ್ನು ಅಂಗಿಗೆ ಒರೆಸಿದ.

"ಹೋಗಿದ್ದೇನು?"

"ಇಲ್ರಿ."

ಅಜ್ಜಾರಿಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲು ಹೊತ್ತಿರಲಿಲ್ಲ. ಹರಿಗೋಲಿನಲ್ಲಿ ಹೋಗಿಬರಲು ಇಪ್ಪತ್ತು ನಿಮಿಷ ಬೇಕು.

"ಹುಟ್ಟು ತೊಗೊ. ನಡಿ."

"ಒಂದ್ ನಿಮಿಷ ರೀ ಅಜ್ಜಾರ. ಇದು ಯಾಕ ತಡೀತು ನೋಡಿಬಿಡ್ತೀನಿ. ಕಾರಣ ಗೊತ್ತಾಗದ ಬಿಟ್ರ ನಾಳೆ ಮತ್ತ ಹಿಂಗ ಆಕೈತಿ."

ಇದಕ್ಕೆ ಏನು ಹೇಳಬೇಕು ನೀವೇ ಹೇಳಿ. ಮಾತು ಸುಳ್ಳಲ್ಲ. ಕಾರಣ ಗೊತ್ತಾಗದಿದ್ದರೆ ಮತ್ತೆ ಹಾಗೇ ಆಗುತ್ತದೆ. ಆದರೆ ಆ ಹೆಂಗಸು ಬಿಸಿಲಲ್ಲಿ ನಿಂತು ಎರಡು ತಾಸಾಗಿದೆ, ಇಲ್ಲಿ ಗಾಡಿ ನಿಂತಿದೆ, ಇವನಿಗೆ ಕಾರಣ ಬೇಕು.

ಅವನು ಸೆಟ್ಟಿಂಗ್ ತೆರೆದ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಮೊದಲಿದ್ದದ್ದು ಒಂದೂ ಮೊದಲಿದ್ದಲ್ಲಿ ಇಲ್ಲ. ಎಲ್ಲೋ ಏನೋ ಒತ್ತಿದ, ಪರದೆ ಕಪ್ಪಾಯಿತು. ಆಮೇಲೆ ಒಂದು ಚಕ್ರ ತಿರುಗತೊಡಗಿತು.

"ಇನ್ನೇನ್ ಬಂದ್‌ಬಿಡ್ತು ರೀ."

ಚಕ್ರ ತಿರುಗಿತು. ಡ್ರೈವರ್ ಒಮ್ಮೆ ಹಾರ್ನ್ ಹೊಡೆದ.

"ಎರಡೇ ನಿಮಿಷ ರೀ."

ಹೀಗೆ ಹದಿನೈದು ನಿಮಿಷ ಹೋಯಿತು. ತಲೆ ಎತ್ತಿದಾಗ ಅಜ್ಜಾರು ಅಲ್ಲಿರಲಿಲ್ಲ.

ಅವರು ಕೈಕೋಲಿನಿಂದ ನೆಲ ತಟ್ಟುತ್ತ ದಂಡೆಗೆ ಇಳಿದಿದ್ದರು. ಹರಿಗೋಲನ್ನು ಒಬ್ಬರೇ ನೀರಿಗೆ ನೂಕಿ ಹತ್ತಿ ಕೂತಿದ್ದರು. ನಿರುಪಾದಿ ಓಡಿದ. ಮೊಣಕಾಲುದ್ದ ನೀರಿನಲ್ಲಿ ಹರಿಗೋಲನ್ನು ಹಿಡಿದುಕೊಂಡ.

"ನಿಮಗ ಕಣ್ಣು ಕಾಣಂಗಿಲ್ರಿ ಅಜ್ಜಾರ. ಹೆಂಗ ಹೋಗ್ತೀರಿ?"

"ನಿನಗ ಕಾಣತಾವು. ನೀ ಎಷ್ಟು ಸಲ ಹೋಗಿ ನೋಡಿದಿ?"

ಅವನು ಹತ್ತಿದ. ಹುಟ್ಟು ಕೇಳಿದ. ಅಜ್ಜಾರು ಕೊಡಲಿಲ್ಲ.

"ನೀ ಕಣ್ಣಿನ ಕೆಲಸ ಮಾಡು. ಎಡಕ್ಕ, ಬಲಕ್ಕ ಅಂತ ಹೇಳು. ಅಷ್ಟು ಸಾಕು."

ಆವತ್ತು ಎಂಟು ತಿಂಗಳಲ್ಲಿ ಮೊದಲ ಸಲ, ಫೋನು ಸದ್ದು ಮಾಡದಿದ್ದರೂ, ನಿರುಪಾದಿ ಆಚೆ ದಂಡೆಯನ್ನು ನೋಡಿದ. ಜಾಲಿಯ ಗಿಡದ ಕೆಳಗೆ ಹುಸೇನಬಿ ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಒಂದು ಕೈಯಲ್ಲಿ ಸೆರಗು ಹಿಡಿದು ಬೀಸುತ್ತಿದ್ದಳು. ಯಾರು ನೋಡುತ್ತಾರೆ ಅಂತಲೂ ಗೊತ್ತಿಲ್ಲದೆ ಬೀಸುತ್ತಿದ್ದಳು.

"ಅದಾಳೇನು?"

"ಅದಾಳ್ರಿ." ಅವನ ದನಿ ಸಣ್ಣದಾಗಿತ್ತು. "ಸ್ವಲ್ಪ ಬಲಕ್ಕ ರೀ."

ಅಜ್ಜಾರ ತೋಳಿಗೆ ಎಪ್ಪತ್ತು ವರ್ಷ. ಆದರೂ ಹರಿಗೋಲು ನೇರವಾಗಿ ಹೋಯಿತು.

ಹುಸೇನಬಿ ಹತ್ತುವಾಗಲೇ ಬಯ್ಯತೊಡಗಿದಳು. "ಒತ್ತಿ ಒತ್ತಿ ನನ್ನ ಬೆರಳು ಸವದ್ವು ತಮ್ಮಾ. ಎತ್ತಾಕ ಏನಾಗಿತ್ತು ನಿನಗ? ಹೊಸಾ ಫೋನ್ ತೊಗೊಂಡೀನಿ, ನನಗ ಬಳಸಾಕ ಬರವಲ್ದು ಅಂತ ನನಗ ನಾನ ಬೈಕೊಂಡು ನಿಂತಿದ್ದೆ."

"ತಪ್ಪಾತು ಯವ್ವಾ. ಅಪ್‌ಡೇಟ್ ಆಗಿತ್ತು."

"ಏನಾಗಿತ್ತು?"

"ಏನೂ ಆಗಿಲ್ಲ ತಂಗಿ, ಕೂಡು," ಅಂದರು ಅಜ್ಜಾರು. "ಗಟ್ಟಿ ಹಿಡ್ಕೊ."

ಈ ಕಡೆಗೆ ತಿರುಗಿದರು. ಅಜ್ಜಾರು ಏದುಸಿರು ಬಿಡುತ್ತ ಹುಟ್ಟು ಹಾಕಿದರು. ಹುಸೇನಬಿ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಆಪರೇಷನ್ ಆದಮೇಲೆ ಮೊದಲ ಕೌದಿ ಅಜ್ಜಾರಿಗೇ ಹೊಲಿಯುತ್ತೇನೆ, ಮೂಲೆಗೆ ಕೆಂಪು ಬಟ್ಟೆ ಇಡುತ್ತೇನೆ ಅಂದಳು. ಗಂಟಿನಲ್ಲಿ ಎರಡು ರೊಟ್ಟಿ ಇದೆ, ಗಾಡಿಯಲ್ಲಿ ಕೂತು ತಿನ್ನೋಣ ಅಂದಳು.

ನಿರುಪಾದಿಯ ಕೈಯಲ್ಲಿ ಚಕ್ರ ನಿಂತಿತು. ಫೋನು ಎದ್ದಿತು. ಹುಡುಕುತ್ತಿದ್ದ ಆ ಸಾಲು ತಾನಾಗಿಯೇ ಮುಂದೆ ಬಂದು ನಿಂತಿತ್ತು. ತಡೆಯಬೇಡ ಅಂತ ಒತ್ತಿದ.

ದೂರದಲ್ಲಿ ಹಾರ್ನ್ ಕೇಳಿಸಿತು, ಒಂದು ಸಲ, ಮತ್ತೊಂದು ಸಲ.

"ನಿರುಪಾದಿ, ದಾರಿ ಹೇಳು."

"ಹಾಂ ರೀ. ನೆಟ್ಟಗ ರೀ." ಅವನು ತಲೆ ಎತ್ತದೆ ಹೇಳಿದ. ಹರಿಗೋಲು ಒಂದು ಸುತ್ತು ಬಳಸಿ ಹೋಯಿತು.

ಆಮೇಲೆ ಎಂಜಿನ್ನಿನ ಸದ್ದು ಎದ್ದಿತು. ನೀರಿನ ಮೇಲೆ ಅದು ಚೆನ್ನಾಗಿ ಕೇಳಿಸುತ್ತದೆ. ಎದ್ದ ಸದ್ದು ದೊಡ್ಡದಾಯಿತು, ರಸ್ತೆ ಹಿಡಿಯಿತು, ಸಣ್ಣದಾಗುತ್ತ ಹೋಯಿತು. ಕಣ್ಣು ಹೋದಮೇಲೆ ಅಜ್ಜಾರ ಕಿವಿ ಎಷ್ಟು ಚುರುಕಾಗಿತ್ತು ಅಂತ ಎಲ್ಲರಿಗೂ ಗೊತ್ತು. ಅವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು.

ಹುಸೇನಬಿ ಇನ್ನೂ ಕೌದಿಯ ಮಾತಿನಲ್ಲೇ ಇದ್ದಳು. "ಗಾಡಿ ನಿಂತೈತಲ್ರಿ ಅಜ್ಜಾರ?" ಅಂತ ಕೇಳಿದಳು.

ಅಜ್ಜಾರು ಸದ್ದು ಹೋದ ಕಡೆಗೆ ಮುಖ ತಿರುಗಿಸಿದರು.

"ಯವ್ವಾ," ಅಂದ ನಿರುಪಾದಿ, "ನಿನ್ನ ಫೋನ್ ತಗಿ. ಒಂದ್ ಸಲ ನನಗ ಹಚ್ಚು ನೋಡೂಣು."

ಅವಳು ತಡಕಾಡಿ ಫೋನು ತೆಗೆದಳು. ಕಣ್ಣಿಗೆ ಹತ್ತಿರ ಹಿಡಿದು, ಬೆಳಗಿನಿಂದ ಹದಿನಾಲ್ಕು ಸಲ ಒತ್ತಿದ್ದನ್ನು ಮತ್ತೊಮ್ಮೆ ಒತ್ತಿದಳು.

ನಡುಹೊಳೆಯಲ್ಲಿ, ನಿರುಪಾದಿಯ ಕೈಯೊಳಗೆ ಫೋನು ಜೋರಾಗಿ ಹೊಡೆದುಕೊಂಡಿತು.

ಮೂರು ದಿನದಿಂದ ಇಲ್ಲದಿದ್ದ ಗೆಲುವು ಅವನ ಮುಖದಲ್ಲಿ ಬಂತು. ಫೋನನ್ನು ಅಜ್ಜಾರ ಕಿವಿಯ ಹತ್ತಿರ ಹಿಡಿದ. "ಸರಿ ಆತ್ರಿ ಅಜ್ಜಾರ. ಕೇಳ್ರಿ, ಬಂತು. ಇವರದ ಫೋನ್."

ಅಜ್ಜಾರು ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು.

"ಎತ್ತು," ಅಂದರು. "ಗಾಡಿ ಹೋತು ಅಂತ ಅಕಿಗೆ ನೀನ ಹೇಳು."