ಒಂದೇ ಬಾಂಡಲಿಯ ಮೂರು ಬಗೆ

ಅಮಲ್ದಾರ್ ಯಜ್ಞನಾರಾಯಣಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಗುಡುಗಿದರು.

"ಬೀಗರು ಬಂದಿದ್ದಾರೆ ಕಣಯ್ಯ! ಈಗಿಂದೀಗಲೇ ಎಲೆ ಹಾಕಬೇಕು. ಮೂರು ಬಗೆ ಅನ್ನ ಇರಲಿ. ನನ್ನ ಮಾನ ಹೋದರೆ ನಿನ್ನ ಗಂಟುಮೂಟೆ ಬೀದಿಗೆ!"

ಅಡುಗೆಯವನು ಸುತ್ತ ನೋಡಿದ. ಹಿತ್ತಾಳೆ ಪಾತ್ರೆಗಳೆಲ್ಲ ಒಳಗೆ ತವರ ಬಳಿಸಲು ಕಲಾಯಿಗೆ ಹೋಗಿದ್ದವು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕಿಲುಬು ಹಿಡಿಯುತ್ತದೆ, ಅದಕ್ಕೇ ಕಳಿಸಿದ್ದರು. ಉಳಿದದ್ದು ಒಂದೇ ಒಂದು ಕಬ್ಬಿಣದ ಬಾಂಡಲಿ.

ಅವನು ಅದರಲ್ಲೇ ಅಕ್ಕಿಯನ್ನು ಮೂರು ಪದರ ಮಾಡಿ, ತಳದ ಅಕ್ಕಿಗೆ ಹುಣಸೆಗೊಜ್ಜು ಕಲಸಿದ, ನಡುವಿನದಕ್ಕೆ ಅವರೆಕಾಳು ಸೇರಿಸಿದ, ಮೇಲೆ ಬರಿಯ ಅಕ್ಕಿ ಹರಡಿ, ನೀರು ಹೊಯ್ದು ಮುಚ್ಚಿದ. ಸೌಟು ಮಾತ್ರ ಆಡಿಸಲಿಲ್ಲ. ಆಡಿಸಿದರೆ ಮೂರೂ ಬೆರೆತು ಒಂದೇ ಆಗಿಬಿಡುತ್ತದಲ್ಲ!

ಬೆಂದ ಮೇಲೆ ಪದರ ಪದರವಾಗಿ ತೆಗೆದು ಬಡಿಸಿದ. ಮೊದಲು ಮೇಲಿನ ಬರಿಯ ಅನ್ನಕ್ಕೆ ತುಪ್ಪ ಹಾಕಿ ತುಪ್ಪದನ್ನ, ಆಮೇಲೆ ಅವರೆಕಾಳು ಭಾತು, ಕೊನೆಗೆ ತಳದಲ್ಲಿ ಗರಿಗರಿಯಾಗಿದ್ದ ಹುಳಿಯನ್ನ.

ಬೀಗರು ತಲೆದೂಗಿದರು. "ಭಲೆ! ಆ ಅವರೆಕಾಳಿನದು ಇನ್ನೊಂದಿಷ್ಟು ಬರಲಿ."

ಬಾಂಡಲಿ ಬರಿದಾಗಿತ್ತು. ಅಮಲ್ದಾರರು ಕಣ್ಣು ಕೆಂಪಗೆ ಮಾಡಿದರು. ಅಡುಗೆಯವನು ಕೇಳಿಸದವನಂತೆ ಬೀಗರ ಎಲೆಯಲ್ಲಿ ಉಳಿದಿದ್ದ ಅನ್ನಕ್ಕೆ ಮಜ್ಜಿಗೆ ಸುರಿದೇಬಿಟ್ಟ.

"ಅಯ್ಯೋ, ಮಜ್ಜಿಗೆ ಬಿತ್ತಲ್ಲ ಸ್ವಾಮಿ! ಇನ್ನು ಹಿಂದಿನದನ್ನು ಬಡಿಸಿದರೆ ಈ ಮನೆಯವರಿಗೆ ಊಟದ ಕ್ರಮವೇ ಗೊತ್ತಿಲ್ಲ ಅಂತಾರೆ."

"ಹೌದು, ಹೌದು! ಮಜ್ಜಿಗೆ ಆದಮೇಲೆ ಮುಗಿಯಿತು," ಎಂದರು ಬೀಗರು. "ಎಂಥ ಶಿಸ್ತಿನ ಮನೆ ನಿಮ್ಮದು!"

ಅಮಲ್ದಾರರು ಉಬ್ಬಿಹೋದರು. "ಮೂರೇನು, ನಾಳೆ ಐದು ಬಗೆ ಮಾಡಿಸ್ತೀನಿ! ಏನಯ್ಯ, ಆಗುತ್ತೋ ಇಲ್ಲವೋ?"

ಅಡುಗೆಯವನು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದ.

"ಆಗುತ್ತೆ ಸ್ವಾಮಿ. ಸ್ವಲ್ಪ ಆಳದ ಬಾಂಡಲಿ ಕೊಡಿಸಿ."