ನೆತ್ತರುಗೊಡಗೆ

"ಗುರುಗಳೇ, ಕೇಳಲು ಹೋದವನು ಕೊಡುವವನಿಗೆ ಎದುರು ಮಾತಾಡಬಹುದೇ?" ಎಂದು ಶಿಷ್ಯ ಕೇಳಿದ.

ಸೈನ್ಯ ಬಿಟ್ಟು ಬಂದ ಕೆಲವು ಮುದುಕರು ಮಠದ ಗೋಡೆಯ ಪಕ್ಕದಲ್ಲಿ ಮಲಗುತ್ತಿದ್ದರು. ಅವರಿಗೆ ಕಂಬಳಿ ಕೇಳಲು ಅವನು ಒಬ್ಬ ವ್ಯಾಪಾರಿಯ ಮನೆಗೆ ಹೋಗಿದ್ದ. ವ್ಯಾಪಾರಿ ಕೊಟ್ಟ. ಕೊಡುವಾಗ ಆ ಮುದುಕರನ್ನು ಮೈಗಳ್ಳರು, ಬಿಟ್ಟಿ ಕೂಳಿನವರು ಎಂದು ಬಾಯಿಗೆ ಬಂದಂತೆ ಬೈದ. ಶಿಷ್ಯ ತುಟಿ ಬಿಚ್ಚದೆ ಕೇಳಿಸಿಕೊಂಡು ಕಂಬಳಿ ಹೊತ್ತು ತಂದಿದ್ದ.

"ಕೂತುಕೋ" ಎಂದರು ಗುರುಗಳು. "ಒಬ್ಬ ಗಾಣಗಿತ್ತಿಯ ಕತೆ ಹೇಳುತ್ತೇನೆ."

ಒಂದು ಊರಲ್ಲಿ ಮಾಳವ್ವ ಎಂಬ ಗಾಣಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಗಾಣ ಅವಳದೇ, ಎತ್ತು ಅವಳದೇ, ಬಾಯಿಯಂತೂ ಮೊದಲಿನಿಂದಲೂ ಅವಳದೇ. ಆ ಬಾಯಿಗೆ ಊರೇ ಹೆದರುತ್ತಿತ್ತು.

ಆ ಸೀಮೆಯಲ್ಲಿ ದೊಡ್ಡ ಯುದ್ಧ ನಡೆದು ಮುಗಿದಿತ್ತು. ಮುಗಿದ ಮೇಲೆ ಸಿಪಾಯಿ ಯಾರಿಗೆ ಬೇಕು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದಂತೆ, ಅರಮನೆಯವರು ಕತ್ತಿ ಈಟಿ ಇಸಿದುಕೊಂಡು ಅವರನ್ನು ಹೊರಗೆ ಕಳಿಸಿಬಿಟ್ಟರು. ಊರು ಸುಟ್ಟುಹೋದವರು, ಮನೆಮಂದಿ ಇಲ್ಲವಾದವರು ಎಲ್ಲಿಗೆ ಹೋದಾರು? ಬಂದು ಸಂತೆಕಟ್ಟೆಯ ಮೇಲೆ ಬಿದ್ದುಕೊಂಡರು. ಸತ್ತ ಜೊತೆಗಾರರಿಗಾಗಿ ದೊರೆ ನಿಲ್ಲಿಸಿದ ವೀರಗಲ್ಲುಗಳೂ ಅದೇ ಬೀದಿಯಲ್ಲಿದ್ದವು.

ಅವರನ್ನು ಕಂಡು ಮಾಳವ್ವ ಸುಮ್ಮನೆ ಕೂರಲಿಲ್ಲ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಲ್ಲ, ಆ ದಿನ ಗಾಣದ ಅಂಗಳದಲ್ಲಿ ಕೂಟ ಕೂಡಿಸಿದಳು. ಮೈಗೆ ಎಣ್ಣೆ, ಹಂಡೆ ತುಂಬ ಬಿಸಿನೀರು, ಕ್ಷೌರ, ಆಮೇಲೆ ರೊಟ್ಟಿ ಪಲ್ಯ. ಊರವರೂ ಬಂದು ಅದೇ ಸಾಲಿನಲ್ಲಿ ಕೂತು ಉಣ್ಣಬೇಕು, ಅದು ಅವಳ ಕಟ್ಟಪ್ಪಣೆ. ಪಕ್ಕದಲ್ಲಿ ಕೂತು ಉಂಡವನಿಗೆ ನಾಳೆ ಮುಖ ತಿರುಗಿಸಿಕೊಂಡು ಹೋಗುವುದು ಕಷ್ಟ ನೋಡು. ಒಬ್ಬ ಹೊಲ ಕಾಯಲು ಒಬ್ಬ ಸಿಪಾಯಿಯನ್ನು ಕರೆದುಕೊಂಡು ಹೋದ. ಇನ್ನೊಬ್ಬಳು ಹಿತ್ತಲ ಕೋಣೆ ಬಿಟ್ಟುಕೊಟ್ಟಳು. ಹೀಗೆ ಕಟ್ಟೆಯ ಮೇಲೆ ಮಲಗುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ಆದರೆ ಒಂದು ಗಾಣ ಎಷ್ಟು ಮಂದಿಗೆ ಎಣ್ಣೆ ಸುರಿದೀತು? ಮಾಗಿ ಕಾಲಿಡುವಾಗ ಎಳ್ಳೂ ಮುಗಿಯಿತು, ಸೌದೆಯೂ ಮುಗಿಯಿತು. ಕೂಟ ನಿಂತರೆ ಉಳಿದವರಿಗೆ ಮನೆ ಸಿಗುವುದಿಲ್ಲ, ಚಳಿಗೆ ಕಟ್ಟೆಯ ಮೇಲೇ ಸೆಟೆದುಹೋಗುತ್ತಾರೆ. ಹಿಂದಿನ ಮಾಗಿಯಲ್ಲಿ ಹಾಗೆ ಹೋದವರನ್ನು ಅವಳು ಕಣ್ಣಾರೆ ಕಂಡಿದ್ದಳು.

ಅರಮನೆಯಲ್ಲಿ ನೆತ್ತರುಗೊಡಗೆ ಎಂಬ ಕೊಡುಗೆ ಇತ್ತು. ನಾಡಿಗಾಗಿ ನೆತ್ತರು ಚೆಲ್ಲಿದವರ ಹೆಸರಿನಲ್ಲಿ ಕೊಡುವಂಥದು. ವರ್ಷಕ್ಕೊಮ್ಮೆ ವೀರಗಲ್ಲುಗಳಿಗೆ ಹೂವು, ವಾದ್ಯ, ಎಡೆ ಎಲ್ಲ ಅದರಿಂದಲೇ ನಡೆಯುತ್ತಿತ್ತು. ಮಾಳವ್ವ ಸೆರಗು ಬಿಗಿದುಕೊಂಡು ಆ ಕೊಡುಗೆಯ ಉಸ್ತುವಾರಿ ನೋಡುವ ಪಾರುಪತ್ಯಗಾರನ ಮುಂದೆ ಹೋಗಿ ನಿಂತಳು.

"ಕೂಟ ನಡೆಸಲು ಕೊಡುಗೆ ಬೇಕು ಸ್ವಾಮಿ."

"ಅದು ಸತ್ತವರ ಹೆಸರಿನದು. ನಿನ್ನವರು ಸತ್ತಿಲ್ಲವಲ್ಲ."

"ಹೆಸರಿನಲ್ಲಿ ಇರುವುದು ನೆತ್ತರು ಸ್ವಾಮಿ, ಪ್ರಾಣ ಅಲ್ಲ. ಇವರ ಮೈಯಿಂದ ಬಸಿದದ್ದು ಏನು, ಅರಿಸಿನದ ನೀರೇ?"

ಪಾರುಪತ್ಯಗಾರನಿಗೆ ಸಿಟ್ಟು ನೆತ್ತಿಗೇರಿತು. "ಬದುಕಿ ಬಂದವರ ನೆತ್ತರು ಈ ಕಚೇರಿಯಲ್ಲಿ ನೆತ್ತರೇ ಅಲ್ಲ. ಹೋಗಮ್ಮ ಹೋಗು!"

ಮಾಳವ್ವ ಹೊರಗೆ ಬಂದಳು. ಮೈಯೆಲ್ಲ ಉರಿಯುತ್ತಿತ್ತು. ಅಳುವೂ ಬಂತು, ಬಂದದ್ದಕ್ಕೆ ತನ್ನನ್ನೇ ಬೈದುಕೊಂಡಳು. ಆಮೇಲೆ ಅವನ ಮಾತನ್ನು ಮತ್ತೆ ಮತ್ತೆ ನಾಲಿಗೆಯ ಮೇಲೆ ಹೊರಳಿಸಿದಳು. ಹೊರಳಿಸುತ್ತ ಹೊರಳಿಸುತ್ತ ನಗು ಬಂತು.

ವೀರಗಲ್ಲಿನ ಪೂಜೆಯ ದಿನ ಬಂತು. ದೊರೆ ಬರುವವನಿದ್ದ. ಬೆಳಗಾಗುತ್ತಲೇ ಮಾಳವ್ವ ಸಿಪಾಯಿಗಳನ್ನು ಕಲ್ಲುಗಳ ಪಕ್ಕದಲ್ಲಿ ಸಾಲಾಗಿ ಮಲಗಿ ಎಂದಳು. ಅವರಲ್ಲಿ ಹಿರಿಯನಾದ ಭರಮಪ್ಪನಿಗೆ ಸಂಕೋಚವಾಯಿತು. "ರಣದಲ್ಲಿ ಮಲಗದವರು ಬೀದಿಯಲ್ಲಿ ಹೆಣದ ಹಾಗೆ ಮಲಗುವುದೇ ಅವ್ವಾ?" ಎಂದ.

"ಬೀದಿಯಲ್ಲಿ ಮಲಗುವುದು ನಿಮಗೆ ಹೊಸದೇನಣ್ಣ? ಇವತ್ತೊಂದು ದಿನ ನಾಲ್ಕು ಜನಕ್ಕೆ ಕಾಣುವ ಹಾಗೆ ಮಲಗಿ."

ಅವರು ಮಲಗಿದರು. ಅವಳು ಒಬ್ಬೊಬ್ಬರ ಮೇಲೂ ಬಿಳಿ ಬಟ್ಟೆ ಹೊದಿಸಿದಳು, ತಲೆಯ ಹತ್ತಿರ ದೀಪ ಇಟ್ಟಳು, ಎದೆ ಬಡಿದುಕೊಂಡು ಅಳಲು ಕೂತಳು. ಏನು ಅಳು ಅಂತೀಯ! ಕೇರಿಯ ಹೆಂಗಸರೆಲ್ಲ ಬಂದು ದನಿ ಕೂಡಿಸಿದರು.

ಪೂಜಾರಿ ತಟ್ಟೆ ಹಿಡಿದು ಬಂದವನು ಅಲ್ಲೇ ನಿಂತ. ಹೆಣ ಇರುವ ಬೀದಿಯಲ್ಲಿ ಪೂಜೆ ಇಲ್ಲ, ಒಲೆಯೂ ಹೊತ್ತುವುದಿಲ್ಲ. ಊರಿಗೆ ಊರೇ ಪಾಲಿಸುವ ಕಟ್ಟಳೆ ಅದು. ವಾದ್ಯದವರು ವಾದ್ಯ ಕೆಳಗಿಟ್ಟರು, ಅಡುಗೆಯವರು ಬೆಂಕಿ ಆರಿಸಿದರು. ಪಾರುಪತ್ಯಗಾರ ಓಡಿ ಬಂದ.

"ಎಬ್ಬಿಸು ಇವರನ್ನು! ದೊರೆ ಬರುವ ಹೊತ್ತಾಯಿತು!"

"ಸತ್ತವರನ್ನು ಎಬ್ಬಿಸಲು ನಾನೇನು ದೇವರೇ ಸ್ವಾಮಿ?"

"ಇವರೆಲ್ಲಿ ಸತ್ತಿದ್ದಾರೆ? ಉಸಿರಾಡುತ್ತಿದ್ದಾರೆ, ಕಾಣುವುದಿಲ್ಲವೇ!"

"ಇವರದು ನೆತ್ತರೇ ಅಲ್ಲ ಎಂದವರು ನೀವು. ನೆತ್ತರಿಲ್ಲದ ಮೈಯನ್ನು ನಮ್ಮೂರಲ್ಲಿ ಹೆಣ ಎನ್ನುತ್ತಾರೆ."

ಅಷ್ಟರಲ್ಲಿ ದೊರೆಯೇ ಬಂದ. ಜನ ದಾರಿ ಬಿಟ್ಟರು, ಮಾಳವ್ವ ಬಿಡಲಿಲ್ಲ. ದೊರೆ ಮುನಿದರೆ ಗಾಣ ಹೋದೀತು, ತಲೆಯೂ ಹೋದೀತು, ಅದು ಅವಳಿಗೆ ಗೊತ್ತಿತ್ತು. ಆದರೂ ಕೈ ಮುಗಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಬುದ್ಧಿ, ಇವರು ಸತ್ತಿದ್ದಾರೆ ಎಂದರೆ ಕಲ್ಲು ನಿಲ್ಲಿಸಿ, ಎಡೆ ಇಡಿ. ಬದುಕಿದ್ದಾರೆ ಎಂದರೆ ಕೂಟಕ್ಕೆ ಕೊಡುಗೆ ಬರೆಸಿ. ಎರಡರಲ್ಲಿ ಒಂದನ್ನು ನಿಮ್ಮ ಬಾಯಿಂದಲೇ ಹೇಳಿ. ಅಲ್ಲಿಯವರೆಗೆ ಇವರು ಏಳುವುದಿಲ್ಲ, ನಾನೂ ಎಬ್ಬಿಸುವುದಿಲ್ಲ."

ದೊರೆ ಬಗ್ಗಿ ಒಂದು ಬಟ್ಟೆ ಸರಿಸಿದ. ಕೆಳಗೆ ಭರಮಪ್ಪ. ಅವನು ಕಣ್ಣು ಬಿಟ್ಟು ದೊರೆಯನ್ನು ನೋಡಿದ, ಏಳಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಯುದ್ಧದಲ್ಲಿ ದೊರೆಯ ಕುದುರೆಯ ಪಕ್ಕದಲ್ಲೇ ಓಡಿದವನು ಅವನು. ದೊರೆಗೆ ಗುರುತು ಸಿಕ್ಕಿತು, ಮುಖ ಸಣ್ಣದಾಯಿತು.

"ಬದುಕಿದ್ದಾರೆ" ಎಂದ ದೊರೆ. ಮೆಲ್ಲಗೆ ಅಂದ.

"ಹಿಂದಿನವರಿಗೆ ಕೇಳಿಸಲಿಲ್ಲ ಬುದ್ಧಿ" ಎಂದಳು ಮಾಳವ್ವ.

"ಬದುಕಿದ್ದಾರೆ! ಪ್ರತಿ ಸೋಮವಾರದ ಕೂಟಕ್ಕೆ ನೆತ್ತರುಗೊಡಗೆಯಿಂದಲೇ ಕೊಡಿ!" ಎಂದು ದೊರೆ ಕೂಗಿ ಹೇಳಿದ.

ಆಗ ಎದ್ದರು ನೋಡು ಅವರು. ಕೆಲವರು ಕೋಲೂರಿಕೊಂಡು, ಕೆಲವರು ಒಬ್ಬರನ್ನೊಬ್ಬರು ಹಿಡಿದುಕೊಂಡು. ಪಾರುಪತ್ಯಗಾರ ಹಲ್ಲು ಕಡಿಯುತ್ತ ಪಕ್ಕಕ್ಕೆ ಸರಿದ. ಆ ದಿನ ಕಲ್ಲುಗಳಿಗೆ ಎಡೆ ಇಡುವುದು ತಡವಾಯಿತು. ಉಸಿರಿದ್ದವರು ಮೊದಲು ಉಂಡರು.

ಗುರುಗಳು ಕತೆ ನಿಲ್ಲಿಸಿದರು.

"ಅವಳೂ ಕೇಳಲು ಹೋದವಳೇ ಅಲ್ಲವೇ ಗುರುಗಳೇ? ಆ ಎದೆಗಾರಿಕೆ ಎಲ್ಲಿಂದ ಬಂತು? ನಾನಂತೂ ವ್ಯಾಪಾರಿಯ ಮುಂದೆ ತಲೆ ತಗ್ಗಿಸಿ ನಿಂತುಬಿಟ್ಟೆ" ಎಂದ ಶಿಷ್ಯ.

ಗುರುಗಳು ಹೇಳಿದರು: "ನೀನು ಅಲ್ಲಿಗೆ ಹೋದದ್ದು ಆ ಮುದುಕರಿಗಾಗಿ, ಹಾಗಾದರೆ ಅಲ್ಲಿ ನೀನು ತಗ್ಗಿಸಿದ್ದು ಯಾರ ತಲೆಯನ್ನಪ್ಪ?"